ಅರ್ಧ ಚಮಚ ಉಪ್ಪು

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಧಾರವಾಡದಲ್ಲಿ ಗೃಹವಿಜ್ಞಾನ ಓದಿ ಮುಗಿಸಿ ನಾನು ಬೆಟಗೇರಿಯ ನಮ್ಮ ಮನೆಗೆ ಮರಳಿದ್ದೆ. ಅಪ್ಪ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರು. ಓಣಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹುಡುಗಿ ನಾನೇ, ಆ ಹಮ್ಮು ನನ್ನ ನಡಿಗೆಯಲ್ಲೂ ಕಾಣುತ್ತಿತ್ತೇನೋ. ಅಮ್ಮ ತಟ್ಟೆಗೆ ರೊಟ್ಟಿ ಹಾಕಿದರೆ ಅದರಲ್ಲಿ ಎಷ್ಟು ಕ್ಯಾಲೊರಿ ಇದೆ ಎಂದು ಹೇಳುತ್ತಿದ್ದೆ. ಪುಂಡಿಸೊಪ್ಪಿನ ಪಲ್ಲೆ ಬಡಿಸಿದರೆ ಕಬ್ಬಿಣಾಂಶದ ಮಾತು ತೆಗೆಯುತ್ತಿದ್ದೆ. ಅಮ್ಮ ಸುಮ್ಮನೆ ಕೇಳಿ, "ಹಂಗಾರ ಇನ್ನೊಂದ ರೊಟ್ಟಿ ಹಾಕ್ಲೇನು, ಬ್ಯಾಡೇನು?" ಎನ್ನುತ್ತಿದ್ದಳು.

ಹೊಸ ಜಿಲ್ಲೆಯ ಹಳ್ಳಿಗಳಲ್ಲಿ ಬಾಲವಾಡಿ ನಡೆಸುತ್ತಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಲಿನ ಬಾಲವಾಡಿ ಟೀಚರುಗಳಿಗೆ ಆಹಾರ ಮತ್ತು ಆರೋಗ್ಯದ ಬಗ್ಗೆ ತರಬೇತಿ ಕೊಡುವುದು ನನ್ನ ಪಾಲಿನ ಕೆಲಸ. ಆ ಟೀಚರುಗಳಲ್ಲಿ ಹೆಚ್ಚಿನವರು ಏಳನೆಯ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳು. ಸಂಸ್ಥೆಯ ಕಾರ್ಯದರ್ಶಿಗಳು ಖಾದಿ ತೊಡುತ್ತಿದ್ದ ಹಿರಿಯರು. ಮೊದಲ ದಿನವೇ ನನ್ನನ್ನು ಕರೆದು, ಸರಕಾರದ ಕಾಗದಗಳಲ್ಲಿ ಬರುವ ಶಬ್ದಗಳು ನಮ್ಮ ಟೀಚರುಗಳಿಗೆ ತಿಳಿಯುವುದಿಲ್ಲ, ಮೂಲಪದಗಳದೊಂದು ಸಣ್ಣ ಪುಸ್ತಕ ಮಾಡಿಕೊಡು ಎಂದರು.

ನಾನು ಹಿಗ್ಗಿಹೋದೆ. ಒಂದು ತಿಂಗಳು ಕೂತು ಬರೆದೆ. ಪೋಷಕಾಂಶ ಎಂದರೇನು, ಸಸಾರಜನಕ ಎಂದರೇನು, ಪಿಷ್ಟ, ಜಿಡ್ಡು, ಜೀವಸತ್ವ, ಖನಿಜ, ರಕ್ತಹೀನತೆ, ಅಪೌಷ್ಟಿಕತೆ, ಎಲ್ಲದಕ್ಕೂ ಎರಡು ಮೂರು ಸಾಲಿನ ಅರ್ಥ. ಕೊನೆಯ ಪುಟಗಳಲ್ಲಿ ನಿರ್ಜಲೀಕರಣ ಎಂಬ ಪದ. ಅಂದರೆ ವಾಂತಿಭೇದಿಯಿಂದ ಮೈಯ ನೀರು ಬತ್ತುವುದು. ಅದರ ಕೆಳಗೆ ಮನೆಯಲ್ಲೇ ಮಾಡಿ ಕುಡಿಸುವ ಸಕ್ಕರೆ-ಉಪ್ಪಿನ ನೀರಿನ ಅಳತೆ ಬರೆದೆ: ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಾನು ಓದಿದ ಪುಸ್ತಕದಲ್ಲಿ ಅದು ಚಹಾಕ್ಕೆ ಸಕ್ಕರೆ ಹಾಕುವ ಸಣ್ಣ ಚಮಚ. ಆ ಪುಸ್ತಕ ಓದಿ ಪರೀಕ್ಷೆಯಲ್ಲಿ ಅದನ್ನೇ ಬರೆದು ಪೂರ್ಣ ಅಂಕ ಪಡೆದವಳು ನಾನು. ಆದರೆ ಕೈಬರಹದಲ್ಲಿ ಟೀ ಚಮಚಕ್ಕೆ 'ಟೀ.ಚ' ಎಂದೂ, ಊಟದ ದೊಡ್ಡ ಟೇಬಲ್ ಚಮಚಕ್ಕೆ 'ಟೇ.ಚ' ಎಂದೂ ಚುಟುಕಾಗಿ ಬರೆಯುತ್ತಿದ್ದೆ. ಅವಸರದಲ್ಲಿ ಈಕಾರವೂ ಏಕಾರವೂ ಒಂದೇ ಗೀಟಾಗುತ್ತಿದ್ದವು.

ಪುಸ್ತಕ ಅಚ್ಚಿಗೆ ಹೋದದ್ದು ಗದಗಿನ ಒಂದು ಮುದ್ರಣಾಲಯಕ್ಕೆ. ಅಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವರು ವಯಸ್ಸಾದವರು, ದಪ್ಪ ಕನ್ನಡಕದವರು. ಒಂದು ಮಧ್ಯಾಹ್ನ ನಾನು ಲಕ್ಷ್ಮೇಶ್ವರದ ಬಸ್ಸಿಗೆ ಹೊರಟಿದ್ದಾಗ ದಾರಿಯಲ್ಲಿ ಪ್ರೂಫ್ ತೆಗೆದುಕೊಳ್ಳಲು ಅಲ್ಲಿಗೆ ಹೋದೆ. ಅವರು ನನ್ನ ಹಸ್ತಪ್ರತಿಯ ಮೇಲೆ ಬೆರಳಿಟ್ಟು, ಇಲ್ಲಿ ಒಂದು ಕಡೆ ಟೀ ಇದ್ದಂತೆ ಕಾಣುತ್ತದೆ, ಇನ್ನೊಂದು ಕಡೆ ಟೇ ಇದ್ದಂತೆ ಕಾಣುತ್ತದೆ, ಎರಡೂ ಒಂದೇ ಚಮಚವೋ ಬೇರೆ ಬೇರೆಯೋ ಎಂದು ಕೇಳಿದರು. ನನಗೆ ಬಸ್ಸಿನದೇ ಚಿಂತೆ. ಆ ಪುಟಗಳನ್ನು ನೋಡಲೂ ಇಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆ ಟೀ, ಟೇಬಲ್ ಅಂದರೆ ಏನು ತಿಳಿದೀತು ಎಂದು ಒಳಗೇ ನಕ್ಕೆ.

"ಎಲ್ಲಾ ಕಡೆ ಊಟದ ಚಮಚ ಅಂತ ಹಾಕಿಬಿಡ್ರಿ," ಎಂದೆ.

"ನೋಡಿ ಹೇಳ್ರಿ ಅಕ್ಕಾರ. ಔಷಧದ ಮಾತೂ ಐತಿ ಇದರಾಗ," ಎಂದರು ಅವರು.

"ನೋಡೇನಿ ಹಾಕ್ರಿ," ಎಂದೆ. ನೋಡಿರಲಿಲ್ಲ. ತಿದ್ದಿದ ಪ್ರೂಫನ್ನು ಎರಡು ದಿನಗಳ ಮೇಲೆ ಬಸ್ಸಿನಲ್ಲಿ ಮೊಣಕಾಲ ಮೇಲಿಟ್ಟುಕೊಂಡು ಓದಿದೆ. ಪೋಷಕಾಂಶದ ವ್ಯಾಖ್ಯೆ ಎಷ್ಟು ಚೆನ್ನಾಗಿ ಬಂದಿದೆ ಎಂದು ಎರಡೆರಡು ಸಲ ಓದಿಕೊಂಡೆ. ಕೊನೆಯ ಪುಟಗಳ ಮೇಲೆ ಬರೀ ಕಣ್ಣು ಹಾಯಿಸಿ ಸಹಿ ಹಾಕಿದೆ.

ಮುಂಡರಗಿಯಲ್ಲಿ ಮೂರು ದಿನದ ತರಬೇತಿ ನಡೆಯಿತು. ಟೀಚರುಗಳು ಚಾಪೆಯ ಮೇಲೆ ಕೂತಿದ್ದರು, ನಾನು ಹಲಗೆಯ ಮುಂದೆ ನಿಂತಿದ್ದೆ. ನಿರ್ಜಲೀಕರಣ ಎಂಬ ಪದ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಹೇಳಿಸಿದೆ, ತಪ್ಪಿದವರನ್ನು ನೋಡಿ ಉಳಿದವರು ನಕ್ಕರೆ ನಾನೂ ನಕ್ಕೆ. ಹಮ್ಮಿಗಿಯ ಬಾಲವಾಡಿ ಟೀಚರೊಬ್ಬರು ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಹೇಳಿದರು. ಗಾದಿ ಹೊಲಿಯುವ ಮುಸ್ಲಿಂ ಮನೆತನದವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ರಾತ್ರಿ ಕೂತು ಪುಸ್ತಕವನ್ನೆಲ್ಲ ತಮ್ಮ ನೋಟುಬುಕ್ಕಿಗೆ ಇಳಿಸಿಕೊಂಡಿದ್ದರು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ನಾನು ಆ ನೋಟುಬುಕ್ಕನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ.

ಕೊನೆಯ ದಿನ ಸಕ್ಕರೆ-ಉಪ್ಪಿನ ನೀರನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಬೇಕಿತ್ತು. ಪಾತ್ರೆ, ಸಕ್ಕರೆ, ಉಪ್ಪು ಎಲ್ಲ ತರಿಸಿಟ್ಟಿದ್ದರು. ಆದರೆ ಕ್ಯಾಲೊರಿಯ ಪಾಠವನ್ನು ನಾನು ಎಳೆದೆಳೆದು ಹೊತ್ತು ಕಳೆದುಬಿಟ್ಟಿದ್ದೆ. ಗದಗಿನ ಬಸ್ಸಿನ ವೇಳೆ ಆಗಿತ್ತು. ಪುಸ್ತಕದಲ್ಲಿ ಬರೆದಿದೆ, ಓದಿ ಅದರಂತೆಯೇ ಮಾಡಿ, ನಿಮ್ಮ ಮನಸ್ಸಿಗೆ ಬಂದಂತೆ ಹೆಚ್ಚುಕಡಿಮೆ ಮಾಡಬೇಡಿ ಎಂದು ಹೇಳಿ ಹೊರಟೆ.

ಹಮ್ಮಿಗಿಯಲ್ಲಿ ಆ ಬೇಸಿಗೆ ಭೇದಿ ಕಾಣಿಸಿಕೊಂಡಿತು. ಬಾಲವಾಡಿಯ ಹಿಂದಿನ ಮನೆಯ, ಎರಡು ವರ್ಷ ತುಂಬದ ಒಂದು ಕೂಸಿಗೂ ಹತ್ತಿಕೊಂಡಿತು. ಕೂಸಿನ ತಾಯಿ ಸೂರ್ಯಕಾಂತಿ ಹೊಲದ ಕೆಲಸಕ್ಕೆ ಹೋಗಿದ್ದಳು, ನೋಡಿಕೊಳ್ಳುತ್ತಿದ್ದವಳು ಅಜ್ಜಿ. ಟೀಚರ್ ಓಡಿಹೋಗಿ ನೀರು ಕುದಿಸಿ ಆರಿಸಿದರು. ಹಾಲಿನವನ ಹತ್ತಿರ ಲೀಟರ್ ಅಳತೆ ತಂದರು. ಪುಸ್ತಕ ತೆರೆದಿಟ್ಟುಕೊಂಡು, ಊಟದ ಚಮಚದಿಂದ ಆರು ಸಲ ಸಕ್ಕರೆ, ಅದೇ ಚಮಚದ ಅರ್ಧದಷ್ಟು ಉಪ್ಪು ಅಳೆದು ಹಾಕಿದರು. ಅಜ್ಜಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, ಇದು ಸವಳಾಗಿದೆ, ಕೂಸಿಗೆ ಇಷ್ಟು ಉಪ್ಪೇ ಎಂದು ಕೇಳಿದಳು. ಟೀಚರ್ ಪುಸ್ತಕದ ಸಾಲನ್ನು ಓದಿ ಹೇಳಿದರು. ಅಜ್ಜಿ ಲೋಟ ಕೈಗೆತ್ತಿಕೊಂಡಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಕೂಸು ಕುಡಿದಷ್ಟೂ ಅದರ ನೀರಡಿಕೆ ಹೆಚ್ಚಿತು. ನೀರಡಿಕೆ ಹೆಚ್ಚಿದಷ್ಟೂ ಅದನ್ನೇ ಕುಡಿಸಿದರು. ಭೇದಿ ನಿಲ್ಲಲಿಲ್ಲ. ಮರುದಿನ ಮುಂಜಾನೆ ಕೂಸು ಚಿಟ್ಟನೆ ಚೀರುತ್ತಾ ಮೈ ಸೆಟೆದುಕೊಂಡಿತು. ಟೆಂಪೋದಲ್ಲಿ ಹಾಕಿಕೊಂಡು ಮುಂಡರಗಿಗೆ, ಅಲ್ಲಿಂದ ಗದಗಿನ ಒಂದು ದವಾಖಾನೆಗೆ ಒಯ್ದರು. ಮೈಯಲ್ಲಿ ಉಪ್ಪು ಮಿತಿಮೀರಿದೆ, ಯಾರು ಏನು ಕುಡಿಸಿದಿರಿ ಎಂದು ಡಾಕ್ಟರ್ ಕೇಳಿದರಂತೆ. ಐದಾರು ದಿನ ಸಲಾಯಿನ್ ಏರಿಸಿದರು. ಕೂಸು ಉಳಿಯಿತು.

ಆ ಸುದ್ದಿ ಆಫೀಸಿಗೆ ಬಂದಾಗ ನಾನು ಅಲ್ಲೇ ಇದ್ದೆ. ಹಮ್ಮಿಗಿಯ ಟೀಚರ್ ಕೂಸಿಗೆ ಉಪ್ಪು ಕುಡಿಸಿದ್ದಾಳೆ ಎಂಬಷ್ಟೇ ಸುದ್ದಿ. ಕಪಾಟಿನಿಂದ ಪುಸ್ತಕ ತೆಗೆದು ಕೊನೆಯ ಪುಟ ನೋಡಿದೆ. 'ಊಟದ ಚಮಚ' ಎಂದು ದಪ್ಪ ಅಕ್ಷರದಲ್ಲಿ ಇತ್ತು. ಸಕ್ಕರೆಯೂ ಉಪ್ಪೂ ಇರಬೇಕಾದದ್ದಕ್ಕಿಂತ ಮೂರು ಪಟ್ಟು. ಪುಸ್ತಕವನ್ನು ಮುಚ್ಚಿ, ಇದ್ದಲ್ಲೇ ಇಟ್ಟು, ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಯಾರಿಗೂ ಏನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಕಾರ್ಯದರ್ಶಿಗಳು ಟೀಚರನ್ನು ಆಫೀಸಿಗೆ ಕರೆಸಿದರು. ನನ್ನನ್ನೂ ಕೂರಿಸಿದರು. ಟೀಚರ್ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದೊಳಗೆ ನನ್ನ ಪುಸ್ತಕದ ಅಂಚು ಕಾಣುತ್ತಿತ್ತು. ಕಾರ್ಯದರ್ಶಿಗಳು ಅವರನ್ನು ಏನೂ ಕೇಳುವ ಮೊದಲೇ ನನ್ನ ಕಡೆ ತಿರುಗಿ, ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದೆಯೋ ಇಲ್ಲವೋ ಎಂದರು.

ಒಂದೇ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಹೇಳೇನ್ರಿ. ಸಣ್ಣ ಚಮಚ ಅಂತ ಕೈಯಾಗ ಹಿಡದು ತೋರಿಸೇನಿ."

ಟೀಚರ್ ಪುಸ್ತಕವನ್ನು ಚೀಲದಿಂದ ಅರ್ಧ ಹೊರಗೆ ಎಳೆದಿದ್ದರು. ಎಳೆದ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಪುಸ್ತಕ ಮತ್ತೆ ಚೀಲದೊಳಗೆ ಇಳಿದದ್ದು ಕಾಣಿಸಿತು.

"ನನಗ ಸರಿಯಾಗಿ ಕೇಳಿಸಿರಾಕಿಲ್ರಿ," ಎಂದರು ಅವರು.

ಕಾರ್ಯದರ್ಶಿಗಳು ಕೆಟ್ಟವರಲ್ಲ. ಪುಸ್ತಕ ತೆಗೆದು ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ, ನಾನು ಓದಿದವಳೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಇನ್ನೊಮ್ಮೆ ಇಂಥ ಬೇಜವಾಬ್ದಾರಿ ನಡೆದರೆ ಕೆಲಸದಿಂದ ತೆಗೆಯಲಾಗುವುದು ಎಂದು ಒಂದು ಎಚ್ಚರಿಕೆಯ ಪತ್ರ ಟೈಪು ಮಾಡಿಸಿ ಟೀಚರಿಂದ ಸಹಿ ಪಡೆದರು. ಅದೇ ಮುತ್ತಿನಂಥ ಅಕ್ಷರದ ಸಹಿ. ಪತ್ರದ ಒಂದು ಪ್ರತಿ ಫೈಲಿಗೆ ಹೋಯಿತು.

ಊರಿನಲ್ಲಿ ತಾಯಂದಿರು ಮಕ್ಕಳನ್ನು ಬಾಲವಾಡಿಗೆ ಕಳಿಸುವುದನ್ನು ಬಿಟ್ಟರು. ಆಕೆ ಬೇಕೆಂದೇ ಹಾಗೆ ಮಾಡಿದಳು ಎಂಬ ಹೊಲಸು ಮಾತೂ ಒಂದೆರಡು ಕಟ್ಟೆಗಳ ಮೇಲೆ ಹುಟ್ಟಿತು. ಅದನ್ನು ಅಡಗಿಸಿದವಳು ಆ ಅಜ್ಜಿಯೇ ಅಂತೆ. ಹಾಗೆ ಅಂದವರ ಮನೆ ಬಾಗಿಲಿಗೇ ಹೋಗಿ ಬೈದು ಬಂದಳಂತೆ. ಆದರೂ ಮಕ್ಕಳು ಬರಲಿಲ್ಲ. ಟೀಚರ್ ದಿನಾ ಬಾಗಿಲು ತೆಗೆದು, ಕಸ ಗುಡಿಸಿ, ಇಬ್ಬರೋ ಮೂವರೋ ಕೂಸುಗಳನ್ನು ಇಟ್ಟುಕೊಂಡು ಕೂರುತ್ತಿದ್ದರು.

ನಾನು ಆ ವಾರವೇ ರಜೆ ಹಾಕಿ, ಪ್ರತಿ ಬಾಲವಾಡಿಗೂ ಅಲೆದು ಪುಸ್ತಕಗಳನ್ನು ತಿದ್ದಿದೆ. 'ಊಟದ' ಎಂಬಲ್ಲಿ 'ಚಹಾದ ಸಣ್ಣ' ಎಂದು ಬರೆದ ಚೀಟಿ ಅಂಟಿಸಿದೆ. ಶಿರಹಟ್ಟಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ನದಿಯ ದಂಡೆಯ ಕೊರ್ಲಹಳ್ಳಿಯಲ್ಲಿ, ಎಲ್ಲರೂ ಇದೇನು ಎಂದು ಕೇಳಿದರು. ಅಚ್ಚಿನ ತಪ್ಪು ಎಂದೆ. ಅಷ್ಟು ಸುಲಭವಾಗಿ ಬಂತು ಆ ಮಾತು. ಹಮ್ಮಿಗಿಗೆ ಮಾತ್ರ ಹೋಗಲಿಲ್ಲ. ಅಲ್ಲಿಗೆ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದೆ.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಮುದ್ರಣಾಲಯಕ್ಕೆ ಹೋಗಬೇಕಾಯಿತು. ಮೊಳೆ ಜೋಡಿಸುತ್ತಿದ್ದ ಆ ಹಿರಿಯರು ತಲೆ ಎತ್ತದೆ, ಅಚ್ಚಿನ ತಪ್ಪು ಅಂದಿರಂತೆ, ನಮ್ಮ ಮಾಲೀಕರಿಗೆ ಲಕ್ಷ್ಮೇಶ್ವರದ ಟೀಚರೊಬ್ಬರು ಹೇಳಿದರು ಎಂದರು. "ಇರ್ಲಿ ಬಿಡ್ರಿ ಅಕ್ಕಾರ. ಅಚ್ಚಿಗೆ ಬಾಯಿ ಇಲ್ಲಲ್ಲ," ಎಂದು ಅವರು ಕೆಲಸ ಮುಂದುವರಿಸಿದರು. ಕೊಂಕಾಗಲಿ ಸಿಟ್ಟಾಗಲಿ ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅದಾದ ಹದಿನೈದು ದಿನಕ್ಕೆ ಮುಂಡರಗಿಯಲ್ಲಿ ಮತ್ತೆ ತರಬೇತಿ. ಹಮ್ಮಿಗಿಯ ಟೀಚರ್ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕೂತಿದ್ದರು. ಆ ದಿನ ನಾನು ಹಲಗೆಯ ಮೇಲೆ ಏನೇನು ಬರೆದೆನೋ ಅದರಲ್ಲಿ ಒಂದಕ್ಷರವನ್ನೂ ಅವರು ಬರೆದುಕೊಳ್ಳಲಿಲ್ಲ. ನೋಟುಬುಕ್ಕೇ ತಂದಿರಲಿಲ್ಲ. ಒಂದು ಪದದ ಅರ್ಥ ಕೇಳಿದಾಗ ಎದ್ದು ನಿಂತು, ಗೊತ್ತಿಲ್ಲ ಎಂದು ಹೇಳಿ ಕೂತರು. ಅವರಿಗೆ ಗೊತ್ತಿತ್ತು. ಗೊತ್ತಿದೆ ಎಂದು ಹೇಳಿಕೊಳ್ಳುವ ಧೈರ್ಯವನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ. ಆ ಸಂಜೆ ಗದಗಿನ ಬಸ್ಸು ಬಿಟ್ಟು ಹಮ್ಮಿಗಿಯ ಬಸ್ಸು ಹತ್ತಿದೆ. ಅವರು ಮುಂದಿನ ಸೀಟಿನಲ್ಲಿದ್ದರು, ಹಿಂದೆ ತಿರುಗಿ ನೋಡಲಿಲ್ಲ.

ಅವರ ಮನೆಯ ಪಡಸಾಲೆಯ ತುಂಬ ಹತ್ತಿ, ಗಾದಿಯ ಬಟ್ಟೆ. ಅವರ ಗಂಡ ನನಗೆ ಕುಂಡ್ರಲು ಜಾಗ ಮಾಡಿಕೊಟ್ಟು ಹೊರಗೆ ಹೋದರು. ತಪ್ಪು ಪುಸ್ತಕದ್ದು, ಅಂದರೆ ನನ್ನದು, ಆಫೀಸಿನಲ್ಲಿ ನಾನು ಹೇಳಿದ್ದು ಸುಳ್ಳು ಎಂದೆ. ಅವರು ಹತ್ತಿಯ ಎಳೆಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

"ನನಗ ಅವತ್ತ ಗೊತ್ತಿತ್ರಿ," ಎಂದರು. "ಪುಸ್ತಕ ನನ್ನ ಕೈಯಾಗ ಇತ್ತು. ನಿಮ್ಮ ಮಾರಿ ನೋಡಿದೆ, ನೀವ ಹೇಳ್ತೀರಿ ಅಂತ ಕಾದೆ."

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವ ತನಕ ಕಾದು, ನನಗೆ ಹೇಳಿದರೆ ಆಯಿತೆ, ಬಾಲವಾಡಿಯ ಹಿಂದಿನ ಮನೆಯ ಅಜ್ಜಿಗೂ ಹೇಳಬೇಕು ಎಂದರು. ನಾಳೆ ಬರುತ್ತೇನೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಆಗಲೇ ಎದ್ದು ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

ಅಜ್ಜಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಕೂಸು ಅವಳ ಸುತ್ತ ಓಡಾಡುತ್ತಾ ಸಿಪ್ಪೆಗಳನ್ನು ತುಳಿದು ಚಟಚಟ ಸದ್ದು ಮಾಡಿಸಿ ನಗುತ್ತಿತ್ತು. ನಾನು ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ಬೈದರೆ ಒಳ್ಳೆಯದೆಂದೂ ಅನ್ನಿಸಿತ್ತು. ಅಜ್ಜಿಯ ಕೈ ನಿಂತಿತು.

"ಸವಳ ಐತಿ ಅಂತ ನನ್ನ ನಾಲಿಗಿ ಹೇಳಿತ್ತಬೆ," ಎಂದಳು. "ಲೋಟ ಹಿಡದು ಕುಡಿಸಿದ್ದು ನನ್ನ ಕೈ. ತಿಳದೂ ತಿಳದೂ ಕುಡಿಸಿದ್ನಲ್ಲ ಅಂತ ಇಷ್ಟ ದಿನ ಅನ್ನ ಸೇರಿಲ್ಲ ನನಗ. ಸೊಸಿ ಮಾರಿ ಹೆಂಗ ನೋಡ್ಲಿ ಅಂತಿದ್ದೆ."

ಅವಳ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಕಣ್ಣಿಗೆ ಕಂಡಿದ್ದವರು ಟೀಚರ್ ಒಬ್ಬರೇ. ಅದೂ ಅವರ ಎದುರು ನಾನು ಹೇಗೆ ಕಾಣುತ್ತೇನೆ ಎಂಬ ಅಳುಕಿನಲ್ಲಿ. ಆ ಮುದುಕಿ ತಿಂಗಳುಗಟ್ಟಲೆ ನನ್ನ ಪಾಪವನ್ನು ತನ್ನದೆಂದು ಹೊತ್ತುಕೊಂಡು ಊಟ ಬಿಟ್ಟಿದ್ದಳು. ನಾನು ಗದಗಿನಲ್ಲಿ ಮೂರು ಹೊತ್ತು ಉಂಡು, ಸಮತೋಲನ ಆಹಾರದ ಭಾಷಣ ಮಾಡಿಕೊಂಡಿದ್ದೆ. ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದೆಳೆದುಕೊಂಡಳು. ನನ್ನ ಮೇಲಿನ ಸಿಟ್ಟಿಗೋ, ಓದಿದ ಹುಡುಗಿಯ ಕೈಯಿಂದ ಕಾಲು ಮುಟ್ಟಿಸಿಕೊಳ್ಳಬಾರದೆಂದೋ ನನಗೆ ತಿಳಿಯಲಿಲ್ಲ. ಟೀಚರ್ ಅವಳ ಪಕ್ಕ ಕೂತು ಶೇಂಗಾ ಬಿಡಿಸತೊಡಗಿದರು. ಇಬ್ಬರೂ ತಮ್ಮ ತಮ್ಮಲ್ಲಿ ಏನೋ ಮಾತಾಡಿಕೊಂಡರು. ನಾನು ಸ್ವಲ್ಪ ಹೊತ್ತು ನಿಂತಿದ್ದು ಹೊರಟೆ.

ಮರುದಿನ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣು ಒರೆಸಿಕೊಂಡರು. ಕೂಸು ಉಳಿದಿದೆ, ಪುಸ್ತಕ ತಿದ್ದಿಯಾಗಿದೆ, ಇನ್ನು ಇದನ್ನು ಕೆದಕಿದರೆ ಸಂಸ್ಥೆಯ ಹೆಸರು ಹೋಗುತ್ತದೆ, ಟೀಚರಿಗೆ ನಾನೇ ಬಾಯಿಮಾತಿನಲ್ಲಿ ಹೇಳುತ್ತೇನೆ ಎಂದರು. ಫೈಲಿನಲ್ಲಿರುವ ಪತ್ರವನ್ನು ಏನು ಮಾಡುವುದು ಎಂದು ನಾನು ಕೇಳಬೇಕಿತ್ತು. ಅದನ್ನು ತೆಗೆದು ನನ್ನ ಹೆಸರಿಗೆ ಇನ್ನೊಂದು ಬರೆಯಿರಿ ಎನ್ನಬೇಕಿತ್ತು. ಕೇಳಲಿಲ್ಲ. ಖರೆ ಹೇಳಬೇಕೆಂದರೆ, ಇಷ್ಟಕ್ಕೇ ಮುಗಿಯಿತಲ್ಲ ಎಂದು ಒಳಗೊಳಗೇ ಹಗುರಾದೆ. ಮುಂದಿನ ವರ್ಷ ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸಂಸ್ಥೆಯನ್ನು ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಗದಗದಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಆ ಟೀಚರ್ ಸಿಕ್ಕರು. ತಲೆ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಜಾಗ ಕೊಟ್ಟರು. ಆರೋಗ್ಯ ಕೇಳಿದರು, ಮಕ್ಕಳ ಬಗ್ಗೆ ಕೇಳಿದರು. ಹಮ್ಮಿಗಿಯ ಬಾಲವಾಡಿ ಕೆಲವು ವರ್ಷಗಳ ಹಿಂದೆಯೇ ಮುಚ್ಚಿತು ಎಂದರು. ಆಮೇಲೆ ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಲಿಲ್ಲವೇ ಎಂದು ನಾನು ಕೇಳಿದೆ.

"ಹಾಕಿದ್ನಿರಿ. ಅನುಭವದ ಪತ್ರ ಕೇಳಿದ್ರು. ನಮ್ಮ ಆಫೀಸಿನಾಗ ಫೈಲ್ ನೋಡಿ, ಅದರಾಗ ಎಚ್ಚರಿಕಿ ಪತ್ರ ಐತಿ, ಒಳ್ಳೇದ ಅಂತ ಬರಿಯಾಕ ಬರೂದಿಲ್ಲ ಅಂದ್ರು. ಆ ಕಾರ್ಯದರ್ಶಿ ಹಿರ್ಯಾರು ತೀರಿಕೊಂಡಿದ್ರು ಅಷ್ಟೊತ್ತಿಗೆ," ಎಂದರು. ದೂರುವ ದನಿ ಇರಲಿಲ್ಲ, ಹವೆಯ ಬಗ್ಗೆ ಹೇಳಿದಂತೆ ಹೇಳಿದರು. ಗಂಡನ ಜೊತೆ ಗಾದಿ ಹೊಲಿದೇ ಮೂರು ಮಕ್ಕಳ ಮದುವೆ ಮಾಡಿದ್ದನ್ನೂ ಹೇಳಿದರು.

ಡಂಬಳದಲ್ಲಿ ಅವರ ಮಗಳ ಮನೆ. ಅಲ್ಲಿ ಇಳಿದು, ಕಿಟಕಿಯ ಹತ್ತಿರ ಬಂದು, ಹೋಗಿ ಬರ್ರಿ ಎಂದರು. ನಾನು ತಲೆಯಾಡಿಸಿದೆ. ಆ ಪತ್ರ ತೆಗೆಸುವ ಮಾತನ್ನು ನಾನು ಆಗ ಎತ್ತಲೇ ಇಲ್ಲ ಎಂದು ಅವರಿಗೆ ಈಗಲಾದರೂ ಹೇಳಬೇಕಿತ್ತು. ಬಸ್ಸು ಬಿಟ್ಟಿತು.